ಯೂನಿಟ್ ಲೆಕ್ಕದಲ್ಲಿ ಮುಳುಗಿದವರ ಪಾಲೂ ಇರಲಿ

ಸಂಪಾದಕರೇ,

ಒಂದು ಯೂನಿಟ್ ಕರೆಂಟ್ ಬೇಕು ಅಂದ್ರೆ ನೂರು ಮೀಟರ್ ಎತ್ತರದಿಂದ ಸುಮಾರು 4,000 ಲೀಟರ್ ನೀರು ಕೆಳಗೆ ಬೀಳಬೇಕು. ಒಂದು ಸಣ್ಣ ಟ್ಯಾಂಕರ್ ತುಂಬ ನೀರು. ಅಷ್ಟು ನೀರು ಬಿದ್ದರೆ ಸಾವಿರ ವಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಓಡುತ್ತದೆ, ಅಷ್ಟೇ. ಬೀಳುವ ಎತ್ತರ ಅರ್ಧ ಆದರೆ ನೀರು ಎರಡು ಪಟ್ಟು ಬೇಕು. ಈ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಸಾಕು, ಜಲವಿದ್ಯುತ್ ಅಣೆಕಟ್ಟು ಯಾಕೆ ಅಷ್ಟು ಎತ್ತರ ಇರುತ್ತದೆ, ಅದರ ಬೆನ್ನಿಗೆ ಯಾಕೆ ಅಷ್ಟೊಂದು ನೆಲ ಮುಳುಗುತ್ತದೆ ಅನ್ನೋದು ತಾನಾಗೇ ಅರ್ಥ ಆಗುತ್ತದೆ.

ಡ್ಯಾಮ್ ಬಗ್ಗೆ ಎರಡು ಥರದ ಮಾತು ನಡೆಯುತ್ತಲೇ ಇರುತ್ತದೆ. ಒಬ್ಬರಿಗೆ ಅದು ಅಭಿವೃದ್ಧಿ, ಇನ್ನೊಬ್ಬರಿಗೆ ಅನಾಹುತ. ಇಬ್ಬರ ಮಾತಲ್ಲೂ ನಿಜ ಇದೆ. ಆದರೆ ಇಬ್ಬರೂ ಒಂದೇ ತಪ್ಪು ಮಾಡುತ್ತಾರೆ ಅಂತ ನನಗನಿಸುತ್ತದೆ. ಲಾಭ ಇಷ್ಟು, ನಷ್ಟ ಇಷ್ಟು ಅಂತ ತಕ್ಕಡಿಗೆ ಹಾಕಿ, ಯಾವ ಕಡೆ ತೂಕ ಜಾಸ್ತಿ ಅಂತ ನೋಡುತ್ತಾರೆ. ಲಾಭ ಸಿಗೋದು ಒಬ್ಬರಿಗೆ, ನಷ್ಟ ಆಗೋದು ಇನ್ನೊಬ್ಬರಿಗೆ ಅಲ್ವಾ? ನನ್ನ ಜೇಬಿಗೆ ನೂರು ರೂಪಾಯಿ ಬಂತು, ನಿಮ್ಮ ಜೇಬಿನಿಂದ ಅರವತ್ತು ಹೋಯಿತು, ಒಟ್ಟಿನಲ್ಲಿ ನಲವತ್ತು ಲಾಭ ಅಂತ ನಾನು ಹೇಳಿದರೆ ನೀವು ಒಪ್ಪುತ್ತೀರಾ?

ಮೊದಲು ಲಾಭದ ಮಾತು. ಅದನ್ನು ಕಡಿಮೆ ಮಾಡಿ ಹೇಳಿದರೆ ಅದೂ ಅನ್ಯಾಯವೇ. ಜಗತ್ತಿನ ಒಟ್ಟು ಕರೆಂಟಿನಲ್ಲಿ ಸುಮಾರು ಶೇ 15ರಷ್ಟು ನೀರಿನಿಂದ ಬರುತ್ತದೆ. ನಾರ್ವೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಜಲವಿದ್ಯುತ್ತೇ. ಬ್ರೆಜಿಲ್ ಮತ್ತು ಪರಾಗ್ವೆ ಸೇರಿ ಪರಾನಾ ನದಿಗೆ ಕಟ್ಟಿದ ಇಟೈಪು ಅಣೆಕಟ್ಟು 2016ರಲ್ಲಿ, ಒಂದೇ ವರ್ಷದಲ್ಲಿ, 10,310 ಕೋಟಿ ಯೂನಿಟ್ ಕೊಟ್ಟಿತು. ಅಷ್ಟನ್ನು ಕಲ್ಲಿದ್ದಲಿನಿಂದ ತೆಗೆಯಬೇಕಿದ್ದರೆ ಕೋಟಿಗಟ್ಟಲೆ ಟನ್ ಸುಡಬೇಕಿತ್ತು. ಆ ಹೊಗೆ ಯಾರದೋ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಅಣೆಕಟ್ಟು ಒಡೆದು ಸತ್ತವರನ್ನೆಲ್ಲ ಸೇರಿಸಿದರೂ, ಯೂನಿಟ್ ಲೆಕ್ಕದಲ್ಲಿ ಕಲ್ಲಿದ್ದಲ ಹೊಗೆಯಿಂದ ಸಾಯುವವರೇ ಎಷ್ಟೋ ಜಾಸ್ತಿ. ಡ್ಯಾಮ್ ಬೇಡವೇ ಬೇಡ ಅನ್ನುವವರು ಈ ಮಾತನ್ನು ದಾಟಿ ಹೋಗಬಾರದು.

ಯೂನಿಟ್ ಸಂಖ್ಯೆ ಒಂದೇ ಅಲ್ಲ. ನೆಲದೊಳಗಿನ ಪವರ್‌ಹೌಸಿನಲ್ಲಿ ಒಮ್ಮೆ ನಿಂತವರು ಅದನ್ನು ಮರೆಯುವುದಿಲ್ಲ. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ನೆಲ ಸಣ್ಣಗೆ ನಡುಗುತ್ತಿರುತ್ತದೆ. ಹೊಗೆ ಇಲ್ಲ, ಬೂದಿ ಇಲ್ಲ, ಒದ್ದೆ ಕಾಂಕ್ರೀಟಿನ ತಂಪು ವಾಸನೆ ಮಾತ್ರ. ನಿಂತಿರುವ ಟರ್ಬೈನಿಗೆ ನೀರು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಗ್ರಿಡ್‌ಗೆ ಕರೆಂಟ್ ಹೋಗುತ್ತದೆ. ತಣ್ಣಗಾದ ಕಲ್ಲಿದ್ದಲ ಸ್ಥಾವರಕ್ಕೆ ಇದೇ ಕೆಲಸಕ್ಕೆ ಎಷ್ಟೋ ಗಂಟೆ ಬೇಕು. ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಚ್ಚುವ ಹೊತ್ತಿಗೆ, ಸೂರ್ಯ ಮುಳುಗಿ ಸೋಲಾರ್ ಸೊನ್ನೆ ಆಗುವ ಹೊತ್ತಿಗೆ, ಕೈಹಿಡಿಯೋದು ಇದೇ ನೀರು. ಇಡೀ ಗ್ರಿಡ್ ಬಿದ್ದು ಎಲ್ಲಾ ಕಡೆ ಕತ್ತಲಾದಾಗ, ಹೊರಗಿನಿಂದ ಕರೆಂಟ್ ಬೇಡದೆ ತಾನೇ ಎದ್ದು ಬೇರೆ ಸ್ಥಾವರಗಳನ್ನು ಎಬ್ಬಿಸುವ ಶಕ್ತಿಯೂ ಜಲವಿದ್ಯುತ್ ಕೇಂದ್ರಕ್ಕಿದೆ. ಕರೆಂಟ್ ಕೆಲಸದವರು ಇದಕ್ಕೆ ಬ್ಲ್ಯಾಕ್ ಸ್ಟಾರ್ಟ್ ಅನ್ನುತ್ತಾರೆ. ಗ್ರಿಡ್ ನಡೆಸುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಹಾಗಾದರೆ ತಕರಾರು ಏನು? ದೊಡ್ಡ ಅಣೆಕಟ್ಟು ಅನ್ನೋದು ಒಂದೇ ಜಾತಿ ಅಲ್ಲ ಅನ್ನೋದು ಮೊದಲ ತಕರಾರು. ಇಟೈಪು ಜಲಾಶಯದ ಹರವು ಸುಮಾರು 1,350 ಚದರ ಕಿಲೋಮೀಟರ್, ಸಾಮರ್ಥ್ಯ 14,000 ಮೆಗಾವಾಟ್. ಅದೇ ಬ್ರೆಜಿಲ್‌ನಲ್ಲಿ, ಅಮೆಜಾನ್ ಕಾಡಿನೊಳಗೆ ಬಲ್ಬಿನಾ ಅಂತ ಇನ್ನೊಂದು ಇದೆ. ಅದು ಮುಳುಗಿಸಿದ್ದು ಸುಮಾರು 2,360 ಚದರ ಕಿಲೋಮೀಟರ್ ಕಾಡು. ಸಾಮರ್ಥ್ಯ? 250 ಮೆಗಾವಾಟ್. ಒಂದು ಚದರ ಕಿಲೋಮೀಟರ್ ಮುಳುಗಿಸಿದ್ದಕ್ಕೆ ಇಟೈಪುವಿನಲ್ಲಿ ಹತ್ತು ಮೆಗಾವಾಟ್ ಬಂದರೆ ಬಲ್ಬಿನಾದಲ್ಲಿ ಒಂದು ಮೆಗಾವಾಟಿನ ಹತ್ತನೇ ಒಂದು ಪಾಲು. ನೂರು ಪಟ್ಟು ವ್ಯತ್ಯಾಸ! ಜಾಗ ಚಪ್ಪಟೆ, ಬೀಳುವ ಎತ್ತರ ಕಡಿಮೆ, ನೀರು ಅಗಲಕ್ಕೆ ಹರಡಿಕೊಂಡಿತು. ನಾನು ಶುರುವಿನಲ್ಲಿ ಹೇಳಿದ ಟ್ಯಾಂಕರ್ ಲೆಕ್ಕವೇ ಇಲ್ಲಿ ಕೈಕೊಟ್ಟಿದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆದು ಪರ, ವಿರೋಧ ಅಂತ ಸುಮ್ನೆ ಜಗಳ ಆಡುವುದರಲ್ಲಿ ಏನಿದೆ? ಹಾಗಂತ ಇಟೈಪು ಯಾರಿಗೂ ನೋವು ಕೊಡಲಿಲ್ಲ ಅಂತಲ್ಲ. ಅದರ ಹಿನ್ನೀರಿನಲ್ಲಿ ಗ್ವಾಯಿರಾ ಜಲಪಾತ, ಅಲ್ಲಿಯವರ ಬಾಯಲ್ಲಿ ಸೆಚಿ ಕೇದಾಸ್, 1982ರಲ್ಲಿ ಮುಳುಗಿಹೋಯಿತು. ನೀರಿನ ಮೊತ್ತದಲ್ಲಿ ಜಗತ್ತಿನ ಅತಿ ದೊಡ್ಡ ಜಲಪಾತಗಳಲ್ಲಿ ಅದೂ ಒಂದು. ಕೊನೆಯ ಸಲ ನೋಡಿ ಬರೋಣ ಅಂತ ಜನ ಗುಂಪು ಗುಂಪಾಗಿ ಬಂದರು. ಆ ಜನವರಿಯಲ್ಲಿ ಅಲ್ಲಿನ ತೂಗುಸೇತುವೆ ಕುಸಿದು ಹತ್ತಾರು ಮಂದಿ ಸತ್ತರು.

ಕಾಡು ಮುಳುಗಿದ ಮೇಲೆ ನೀರಿನೊಳಗೆ ಏನಾಗುತ್ತದೆ ಅನ್ನೋದನ್ನೂ ಸ್ವಲ್ಪ ನೋಡಬೇಕು. ಮರ, ಎಲೆ, ಬೇರು ಎಲ್ಲ ತಳದಲ್ಲಿ ಕೊಳೆಯುತ್ತವೆ. ತಳದಲ್ಲಿ ಆಮ್ಲಜನಕ ಇರುವುದಿಲ್ಲ, ಹಾಗಾಗಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹುಟ್ಟುತ್ತದೆ. ಬಿಸಿ ನಾಡುಗಳಲ್ಲಿ ಇದು ಜಾಸ್ತಿ. ಬಲ್ಬಿನಾದಂಥ ಕಡೆ ಇದರ ಲೆಕ್ಕ ಹಾಕಿದವರು, ಇದಕ್ಕಿಂತ ಕಲ್ಲಿದ್ದಲೇ ವಾಸಿಯಿತ್ತು ಅನ್ನುವ ಮಟ್ಟಕ್ಕೆ ಬಂದಿದ್ದಾರೆ. ಇನ್ನೊಂದು ಇದೆ, ಅದನ್ನು ತುಂಬಾ ಜನ ಕೇಳಿಯೇ ಇರಲಿಕ್ಕಿಲ್ಲ. ಮಣ್ಣಿನಲ್ಲಿ ಸ್ವಲ್ಪ ಪಾದರಸ ಇದ್ದೇ ಇರುತ್ತದೆ. ನೆಲ ಮುಳುಗಿದಾಗ ತಳದ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಅನ್ನುವ ವಿಷ ಮಾಡುತ್ತವೆ. ಅದು ಸಣ್ಣ ಹುಳಕ್ಕೆ, ಹುಳ ತಿಂದ ಮೀನಿಗೆ, ಆ ಮೀನನ್ನು ತಿಂದ ದೊಡ್ಡ ಮೀನಿಗೆ ಏರುತ್ತಾ ಹೋಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಲಾ ಗ್ರಾಂದ್ ನದಿಯ ಅಣೆಕಟ್ಟುಗಳು ತುಂಬಿದ ಮೇಲೆ ಅಲ್ಲಿನ ಮೀನಿನಲ್ಲಿ ಪಾದರಸ ಹಲವು ಪಟ್ಟು ಏರಿತು. ಆ ನೆಲದ ಮೂಲ ನಿವಾಸಿಗಳಾದ ಕ್ರೀ ಜನರಿಗೆ ಮೀನೇ ಊಟ. ಮೀನು ಕಡಿಮೆ ತಿನ್ನಿ ಅಂತ ಅವರಿಗೆ ಹೇಳಬೇಕಾಯಿತು. ಕರೆಂಟ್ ಹೋಗಿದ್ದು ಸಾವಿರ ಕಿಲೋಮೀಟರ್ ದೂರದ ಪಟ್ಟಣಗಳಿಗೆ.

ಇಲ್ಲಿಂದಲೇ ನಾನು ಹೇಳಬೇಕಾದ ಮುಖ್ಯ ಮಾತು ಶುರು.

ಆಫ್ರಿಕಾದ ಜಾಂಬೆಜಿ ನದಿಯ ಕರೀಬಾ ಅಣೆಕಟ್ಟು ನೋಡಿ. 1950ರ ದಶಕದ ಕೊನೆಗೆ ಸುಮಾರು 57,000 ಟೋಂಗಾ ಜನರನ್ನು ನದಿ ದಂಡೆಯ ಒಳ್ಳೆಯ ಮಣ್ಣಿನಿಂದ ಎಬ್ಬಿಸಿ ಒಣ ನೆಲಕ್ಕೆ ಕಳಿಸಿದರು. ಕರೆಂಟ್ ತಾಮ್ರದ ಗಣಿಗಳಿಗೆ ಹೋಯಿತು. ಎಬ್ಬಿಸಲ್ಪಟ್ಟವರ ಎಷ್ಟೋ ಹಳ್ಳಿಗಳು ಆಮೇಲೆ ದಶಕಗಟ್ಟಲೆ ಕತ್ತಲಲ್ಲೇ ಇದ್ದವು. ತಲೆಯ ಮೇಲೆ ಹೈಟೆನ್ಷನ್ ತಂತಿ, ಕೆಳಗೆ ಮನೆಯಲ್ಲಿ ಸೀಮೆಎಣ್ಣೆ ದೀಪ. ಘಾನಾದ ಅಕೊಸೊಂಬೊ, 1965ರದ್ದು, ಸುಮಾರು 80,000 ಜನರ 700ಕ್ಕೂ ಹೆಚ್ಚು ಹಳ್ಳಿಗಳನ್ನು ಮುಳುಗಿಸಿತು. ಅಲ್ಲಿನ ಕರೆಂಟಿನ ದೊಡ್ಡ ಪಾಲು ಬಹಳ ಕಾಲ ಒಂದು ಅಲ್ಯೂಮಿನಿಯಂ ಕಾರ್ಖಾನೆಗೆ ಹೋಯಿತು. ಹಿನ್ನೀರಿನ ನಿಂತ ನೀರಿನಲ್ಲಿ ಬಸವನಹುಳು ಬೆಳೆದು, ಅದರಿಂದ ಹರಡುವ ಶಿಸ್ಟೊಸೋಮಿಯಾಸಿಸ್ ಅನ್ನುವ ಪರಾವಲಂಬಿ ಕಾಯಿಲೆ ದಂಡೆಯ ಮಕ್ಕಳಿಗೆ ಅಂಟಿತು. ಚೀನಾದ ತ್ರೀ ಗಾರ್ಜಸ್‌ಗೆ ಜಾಗ ಬಿಟ್ಟವರು 13 ಲಕ್ಷಕ್ಕೂ ಹೆಚ್ಚು. ಅಣೆಕಟ್ಟುಗಳ ವಿಶ್ವ ಆಯೋಗ 2000ನೇ ಇಸವಿಯಲ್ಲಿ ಕೊಟ್ಟ ವರದಿ ಪ್ರಕಾರ, ಅಲ್ಲಿಯವರೆಗೆ ಜಗತ್ತಿನಲ್ಲಿ ಅಣೆಕಟ್ಟುಗಳಿಂದ ನೆಲೆ ಕಳೆದುಕೊಂಡವರು 4ರಿಂದ 8 ಕೋಟಿ ಜನ. ಆ ಎರಡು ಸಂಖ್ಯೆಯ ನಡುವಿನ ಅಂತರವನ್ನೊಮ್ಮೆ ನೋಡಿ. ನಾಲ್ಕು ಕೋಟಿ ಜನ ಇದ್ದರೋ ಇಲ್ಲವೋ ಅನ್ನೋದೇ ಗೊತ್ತಾಗದಷ್ಟು ಸಡಿಲವಾಗಿ ಎಣಿಸಿದ್ದಾರೆ. ಮೆಗಾವಾಟನ್ನು ಯಾರಾದರೂ ಹೀಗೆ ಎಣಿಸುತ್ತಾರಾ?

ನೈಲ್ ನದಿಯ ಆಸ್ವಾನ್ ನನ್ನನ್ನು ಜಾಸ್ತಿ ಕಾಡುತ್ತದೆ, ಯಾಕಂದ್ರೆ ಅಲ್ಲಿ ಎರಡೂ ಕಡೆ ತುಂಬಾ ಭಾರ. 1970ರಲ್ಲಿ ಮುಗಿದ ಆ ಅಣೆಕಟ್ಟು ಈಜಿಪ್ಟಿಗೆ ಪ್ರವಾಹದ ಭಯ ಕಳೆಯಿತು, ಕರೆಂಟ್ ಕೊಟ್ಟಿತು. 1980ರ ದಶಕದ ಭೀಕರ ಬರದಲ್ಲಿ ಮೇಲ್ದಂಡೆಯ ನಾಡುಗಳು ಹಸಿವಿನಲ್ಲಿ ಬೇಯುವಾಗ ಈಜಿಪ್ಟ್ ಆ ಜಲಾಶಯದ ನೀರಿನಿಂದ ಬದುಕಿಕೊಂಡಿತು. ಇದು ಸಣ್ಣ ಮಾತಲ್ಲ. ಇನ್ನೊಂದು ಕಡೆ, ಸಾವಿರಾರು ವರ್ಷ ಹೊಲಕ್ಕೆ ಬಂದು ಕೂರುತ್ತಿದ್ದ ಮೆಕ್ಕಲು ಮಣ್ಣು ಅಣೆಕಟ್ಟಿನ ಹಿಂದೆಯೇ ನಿಂತಿತು. ರೈತರು ಗೊಬ್ಬರ ಕೊಳ್ಳಬೇಕಾಯಿತು. ಮುಖಜ ಭೂಮಿಯ ಕಡಲದಂಡೆ ಕೊರೆಯತೊಡಗಿತು, ಸಮುದ್ರದ ಸಾರ್ಡೀನ್ ಮೀನುಗಾರಿಕೆ ಕುಸಿಯಿತು. ಜಲಾಶಯದ ಮೇಲ್ಮೈಯಿಂದ ವರ್ಷಕ್ಕೆ 1,000 ಕೋಟಿ ಘನ ಮೀಟರ್‌ಗೂ ಹೆಚ್ಚು ನೀರು ಸುಮ್ಮನೆ ಆವಿಯಾಗಿ ಹೋಗುತ್ತದೆ. ಅಬು ಸಿಂಬೆಲ್ ದೇಗುಲ ಮುಳುಗುತ್ತದೆ ಅಂದಾಗ ಇಡೀ ಜಗತ್ತು ಓಡಿಬಂತು. 1964ರಿಂದ 1968ರವರೆಗೆ ಅದನ್ನು ತುಂಡು ತುಂಡಾಗಿ ಕೊಯ್ದು, ನಂಬರ್ ಹಾಕಿ, ಸುಮಾರು 65 ಮೀಟರ್ ಮೇಲಕ್ಕೆ ಒಯ್ದು ಮೊದಲಿದ್ದ ಹಾಗೇ ಜೋಡಿಸಿದರು. ಒಳ್ಳೆಯ ಕೆಲಸ. ಆ ದೇಗುಲದ ಸುತ್ತ ಬದುಕಿದ್ದ ಈಜಿಪ್ಟ್ ಮತ್ತು ಸುಡಾನಿನ ಸುಮಾರು 1 ಲಕ್ಷ ನೂಬಿಯನ್ನರನ್ನು ಮಾತ್ರ ಮೊದಲಿದ್ದ ಹಾಗೇ ಜೋಡಿಸಲು ಯಾರಿಗೂ ಆಗಲಿಲ್ಲ. ನದಿ ದಂಡೆಯ ಜನರನ್ನು ನದಿಯಿಂದ ದೂರದ ಕಾಲೊನಿಗಳಿಗೆ ಕಳಿಸಿದರು. ಕಲ್ಲನ್ನು ಅಷ್ಟು ಜೋಪಾನವಾಗಿ ಎತ್ತಲು ಗೊತ್ತಿದ್ದವರಿಗೆ ಮನುಷ್ಯರ ವಿಷಯದಲ್ಲೂ ಅಷ್ಟೇ ಜೋಪಾನ ಯಾಕೆ ಬರಲಿಲ್ಲ ಅನ್ನೋ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

2022ರ ಫೆಬ್ರುವರಿಯಲ್ಲಿ ಬರ ಬಂದು ಸ್ಪೇನ್ ಮತ್ತು ಪೋರ್ಚುಗಲ್ ಗಡಿಯ ಒಂದು ಜಲಾಶಯ ಬತ್ತಿತು. 1992ರಲ್ಲಿ ಮುಳುಗಿದ್ದ ಅಸೆರೆದೊ ಅನ್ನುವ ಹಳ್ಳಿ ಮೇಲೆದ್ದಿತು. ಆ ಫೋಟೊಗಳು ನನ್ನ ಕಣ್ಣಲ್ಲಿ ಹಾಗೇ ನಿಂತಿವೆ. ಕೆಸರು ಬಣ್ಣದ ಗೋಡೆಗಳು, ಸೂರು ಹೋದ ಮನೆಗಳು, ಕಲ್ಲಿನ ಗೋಡೆ ಪಕ್ಕ ತುಕ್ಕು ಹಿಡಿದ ಒಂದು ಕಾರು. ಊರಿನ ಕುಡಿಯುವ ನೀರಿನ ತುಕ್ಕು ಕೊಳವೆಯಿಂದ ಮೂವತ್ತು ವರ್ಷ ಆದ ಮೇಲೂ ನೀರು ಸುರಿಯುತ್ತಲೇ ಇತ್ತು. ಅಲ್ಲಿ ಬದುಕಿದ್ದವರು ಬಂದು ಇದು ಇಂಥವರ ಮನೆ, ಅದು ಇಂಥವರದ್ದು ಅಂತ ಬೆರಳು ಮಾಡಿ ತೋರಿಸಿದರು. ಪರಿಹಾರದ ಹಣ ಅವರಿಗೆ ಯಾವತ್ತೋ ಸಂದಿದ್ದಿರಬಹುದು. ಲೆಕ್ಕ ಮುಗಿದಿತ್ತು ಅಂತ ಅವರ ಮುಖ ನೋಡಿ ಯಾರೂ ಹೇಳಲಾರರು.

ಒಂದು ಸಲ ಪರಿಹಾರ ಕೊಟ್ಟು ಕೈ ತೊಳೆದುಕೊಳ್ಳುವ ಪದ್ಧತಿಯೇ ತಪ್ಪು ಅನ್ನೋದು ನನ್ನ ವಾದ. ಅಣೆಕಟ್ಟು ಐವತ್ತು ವರ್ಷ, ನೂರು ವರ್ಷ ಕರೆಂಟ್ ಕೊಡುತ್ತದೆ. ಟರ್ಬೈನ್ ತಿರುಗಿದಷ್ಟು ದಿನವೂ ಯಾರಿಗೋ ಆದಾಯ ಇದೆ. ನೆಲ ಕೊಟ್ಟವನಿಗೆ ಮಾತ್ರ ಒಂದೇ ಒಂದು ಚೆಕ್. ಆ ದುಡ್ಡು ಮನೆ ಕಟ್ಟುವುದಕ್ಕೆ, ಮದುವೆಗೆ, ಆಸ್ಪತ್ರೆಗೆ ಖರ್ಚಾಗಿ ಮಕ್ಕಳ ಕಾಲಕ್ಕೆ ಏನೂ ಉಳಿದಿರುವುದಿಲ್ಲ. ಅದರ ಬದಲು, ಉತ್ಪಾದನೆಯಾಗುವ ಪ್ರತಿ ನೂರು ಯೂನಿಟ್‌ನಲ್ಲಿ ಇಷ್ಟು ಯೂನಿಟ್ ಮುಳುಗಡೆಯಾದವರದ್ದು ಅಂತ ಕಾನೂನಿನಲ್ಲೇ ಬರೆದುಬಿಡಬೇಕು. ಅಣೆಕಟ್ಟು ಇರುವವರೆಗೆ, ವರ್ಷ ವರ್ಷ, ಮಕ್ಕಳು ಮೊಮ್ಮಕ್ಕಳವರೆಗೆ. ಅದು ದಾನ ಅಲ್ಲ. ಅವರ ನೆಲ ಈಗಲೂ ಕೆಲಸ ಮಾಡುತ್ತಿದೆ, ನೀರನ್ನು ಹೊತ್ತು ನಿಂತಿದೆ.

ಇದು ನನ್ನ ಕನಸೇನಲ್ಲ. ನಾರ್ವೆಯಲ್ಲಿ ಸ್ಥಾವರ ಇರುವ ಪ್ರದೇಶದ ಸ್ಥಳೀಯ ಆಡಳಿತಗಳಿಗೆ ಉತ್ಪಾದನೆಯ ಶೇ 10ರವರೆಗೆ ಅಗ್ಗದ ದರದಲ್ಲಿ ಕೊಡಬೇಕು ಅಂತ ಕಾನೂನು ಇದೆ. ಇಟೈಪು ತನ್ನ ಹಿನ್ನೀರಿನಲ್ಲಿ ನೆಲ ಕಳೆದುಕೊಂಡ ಬ್ರೆಜಿಲ್‌ನ ಪುರಸಭೆಗಳಿಗೆ ರಾಯಧನ ಕೊಡುತ್ತದೆ. ಪಾದರಸದ ಮೀನು ತಿಂದ ಅದೇ ಕ್ರೀ ಜನ ದೊಡ್ಡ ಹೋರಾಟ ಮಾಡಿ, 2002ರಲ್ಲಿ ಕ್ವಿಬೆಕ್ ಸರ್ಕಾರದ ಜೊತೆ 50 ವರ್ಷಗಳ ಒಪ್ಪಂದ ಮಾಡಿಕೊಂಡರು. ವರ್ಷಕ್ಕೆ ಕನಿಷ್ಠ 7 ಕೋಟಿ ಕೆನಡಾ ಡಾಲರ್ ಅವರಿಗೆ ಬರಬೇಕು. ಇವು ಪೂರ್ತಿ ಸರಿ ಅಂತಲ್ಲ. ನಾರ್ವೆ, ಬ್ರೆಜಿಲ್ ಎರಡರಲ್ಲೂ ಹಣ ಹೋಗೋದು ಆಡಳಿತಕ್ಕೆ, ಮನೆಮನೆಗೆ ಅಲ್ಲ. ಆದರೆ ದಾರಿ ಇದೆ ಅನ್ನೋದು ಗೊತ್ತಾಯಿತಲ್ಲ.

ಹೀಗೆ ಮಾಡಿದರೆ ಕರೆಂಟ್ ದುಬಾರಿ ಆಗುತ್ತದೆ ಅಂತ ತಕ್ಷಣ ಹೇಳುತ್ತಾರೆ. ಆಗಬಹುದು, ಸ್ವಲ್ಪ. ಇಟೈಪುವಿನ ಆ ಒಂದು ವರ್ಷದ ಉತ್ಪಾದನೆಯಲ್ಲಿ ನೂರಕ್ಕೆ ಒಂದು ಅಂದರೂ 103 ಕೋಟಿ ಯೂನಿಟ್. ಮುಳುಗಿದವರಿಗೆ ಅದು ಬದುಕು, ಬಳಸುವವರಿಗೆ ಬಿಲ್ಲಿನಲ್ಲಿ ನೂರಕ್ಕೆ ಒಂದು. ಇಷ್ಟಕ್ಕೂ ಈ ವೆಚ್ಚ ಹೊಸದಾಗಿ ಹುಟ್ಟುವುದಲ್ಲ. ಇಲ್ಲಿಯವರೆಗೆ ಬಿಲ್ಲಿನಲ್ಲಿ ಕಾಣದೆ, ಒಕ್ಕಲೆದ್ದವರ ಮನೆಯಲ್ಲಿ ಸಾಲವಾಗಿ, ಬಿಟ್ಟ ಓದಾಗಿ, ಕೂಲಿಯಾಗಿ ಕೂತಿತ್ತು. ಈಗ ಇರಬೇಕಾದ ಕಡೆಗೆ ಬರುತ್ತದೆ. ಆ ಪಾಲು ಕೊಟ್ಟ ಮೇಲೂ ಯೋಜನೆ ಲಾಭದಲ್ಲಿ ನಿಂತರೆ ಕಟ್ಟಲಿ, ನಾನು ಬೇಡ ಅನ್ನೋದಿಲ್ಲ. ನಿಲ್ಲದಿದ್ದರೆ ಅದು ಯಾವತ್ತೂ ಲಾಭದ ಯೋಜನೆ ಆಗಿರಲೇ ಇಲ್ಲ. ಬಲ್ಬಿನಾದಂಥವು ಕಾಗದದ ಮೇಲೇ ಬಿದ್ದುಹೋಗುತ್ತವೆ.

ಲಾಭದ ಅಂದಾಜು ಹಾಕುವವರು ಯಾರು ಅನ್ನೋದೂ ಮುಖ್ಯ. ಆಕ್ಸ್‌ಫರ್ಡ್‌ನ ಸಂಶೋಧಕರು 1934ರಿಂದ 2007ರ ನಡುವೆ ಕಟ್ಟಿದ 245 ದೊಡ್ಡ ಅಣೆಕಟ್ಟುಗಳನ್ನು ನೋಡಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವೆಚ್ಚ ಅಂದಾಜಿಗಿಂತ ಸರಾಸರಿ ಶೇ 96ರಷ್ಟು ಜಾಸ್ತಿ ಆಗಿತ್ತು, ಹೆಚ್ಚುಕಡಿಮೆ ಎರಡು ಪಟ್ಟು. ಕಟ್ಟುವವರೇ ಅಂದಾಜು ಹಾಕಿದರೆ ಹೀಗೇ ಆಗೋದು. ಹೂಳಿನ ಕಥೆಯೂ ಅದೇ. ಚೀನಾದ ಹಳದಿ ನದಿಗೆ 1960ರಲ್ಲಿ ಕಟ್ಟಿದ ಸಾನ್‌ಮೆನ್‌ಶಿಯಾ ಜಲಾಶಯ ಕೆಲವೇ ವರ್ಷಗಳಲ್ಲಿ ಹೂಳಿನಿಂದ ತುಂಬತೊಡಗಿ, ಹೂಳು ಹೊರಗೆ ಹೋಗಲು ದಾರಿ ಮಾಡಿಕೊಡಬೇಕಾಯಿತು. ವಿಶ್ವಸಂಸ್ಥೆ ವಿಶ್ವವಿದ್ಯಾಲಯದ 2023ರ ಅಧ್ಯಯನದ ಪ್ರಕಾರ 2050ರ ಹೊತ್ತಿಗೆ ಜಗತ್ತಿನ ದೊಡ್ಡ ಅಣೆಕಟ್ಟುಗಳು ಮೂಲ ಸಂಗ್ರಹ ಸಾಮರ್ಥ್ಯದ ಕಾಲು ಭಾಗದಷ್ಟನ್ನು ಹೂಳಿಗೆ ಕಳೆದುಕೊಳ್ಳುತ್ತವೆ. ಮಳೆ ಕೈಕೊಟ್ಟರಂತೂ ಹೇಳುವುದೇ ಬೇಡ. 2022ರ ಕೊನೆಗೆ ಕರೀಬಾದಲ್ಲಿ ಬಳಸಬಹುದಾದ ನೀರು ಶೇ 5ಕ್ಕಿಂತ ಕೆಳಗಿಳಿಯಿತು. ಜಾಂಬಿಯಾ, ಜಿಂಬಾಬ್ವೆ ಎರಡೂ ಕತ್ತಲಾದವು.

ಸುರಕ್ಷತೆ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಇಟಲಿಯ ವಯೋಂತ್ ಅಣೆಕಟ್ಟು ಒಡೆಯಲಿಲ್ಲ, ಇವತ್ತಿಗೂ ನಿಂತಿದೆ. 1963ರ ಅಕ್ಟೋಬರ್ 9ರ ರಾತ್ರಿ ಅದರ ಪಕ್ಕದ ಬೆಟ್ಟವೇ ಜಲಾಶಯಕ್ಕೆ ಜಾರಿತು. ನೀರು ಅಣೆಕಟ್ಟಿನ ಮೇಲೆ ಹಾರಿ ಕೆಳಗಿನ ಊರುಗಳನ್ನು ಅಳಿಸಿಹಾಕಿತು. ಸುಮಾರು 2,000 ಜನ ಸತ್ತರು. ಆ ಬೆಟ್ಟದಲ್ಲಿ 1960ರಲ್ಲೇ ಎರಡು ಕಿಲೋಮೀಟರ್ ಉದ್ದದ ಬಿರುಕು ಬಿಟ್ಟಿತ್ತು. ಕಟ್ಟಿದವರಿಗೆ ಗೊತ್ತಿತ್ತು. ಮಲಗಿದ್ದವರಿಗೆ ಹೇಳಲಿಲ್ಲ. ಜಲಾಶಯದ ಅಳತೆಗಳನ್ನು, ಬಿರುಕು, ಸೋರಿಕೆ, ಹೊರಹರಿವು ಎಲ್ಲವನ್ನೂ, ಕೆಳದಂಡೆಯ ಜನ ದಿನಾ ನೋಡುವ ಹಾಗೆ ಹೊರಗೆ ಹಾಕುವುದು ಅಂಥ ದೊಡ್ಡ ಖರ್ಚಿನ ಕೆಲಸವೂ ಅಲ್ಲ.

ಹೊಸ ಕಣಿವೆಗೆ ಕೈ ಹಾಕುವ ಮೊದಲು ಇರುವುದನ್ನು ಬಳಸೋಣ. ಅಮೆರಿಕದಲ್ಲಿ ಸಣ್ಣದು ದೊಡ್ಡದು ಸೇರಿ 90,000ಕ್ಕೂ ಹೆಚ್ಚು ಅಣೆಕಟ್ಟುಗಳಿವೆ, ಕರೆಂಟ್ ಬರೋದು ಅದರಲ್ಲಿ ಶೇ 3ರಷ್ಟರಿಂದ ಮಾತ್ರ. ಈಗಾಗಲೇ ನಿಂತಿರುವ ಗೋಡೆಗೆ ಟರ್ಬೈನ್ ಜೋಡಿಸಬಹುದಾದ ಕಡೆ ಜೋಡಿಸಿದರೆ ಹೊಸದಾಗಿ ಯಾರೂ ಮುಳುಗುವುದಿಲ್ಲ. ಹಳೆಯ ಟರ್ಬೈನ್ ಬದಲಿಸಿದರೆ ಅದೇ ನೀರಿಗೆ ಜಾಸ್ತಿ ಯೂನಿಟ್ ಸಿಗುತ್ತದೆ. ಕೆಲಸ ಮುಗಿದ ಅಣೆಕಟ್ಟನ್ನು ಬಿಚ್ಚುವ ಧೈರ್ಯವೂ ಬೇಕು. ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಬಿಚ್ಚಿದರು. ನೂರು ವರ್ಷ ತಡೆದು ನಿಲ್ಲಿಸಿದ್ದ ಸಾಲ್ಮನ್ ಮೀನುಗಳು ಮತ್ತೆ ಮೇಲಕ್ಕೆ ಈಜಿದವು.

ಕೊನೆಗೆ ನಿಮ್ಮಲ್ಲೇ ಒಂದು ವಿನಂತಿ. ಹೊಸ ಜಲವಿದ್ಯುತ್ ಯೋಜನೆಯ ಸುದ್ದಿ ಹಾಕುವಾಗ ಮೆಗಾವಾಟ್ ಪಕ್ಕದಲ್ಲೇ ಎಷ್ಟು ಚದರ ಕಿಲೋಮೀಟರ್ ಮುಳುಗುತ್ತದೆ, ಎಷ್ಟು ಮನೆ ಏಳಬೇಕು, ಅಂದಾಜು ಹಾಕಿದವರು ಯಾರು ಅಂತ ಬರೆಯಿರಿ. ಏಳುವವರ ಹೆಸರಿಗೆ ನೂರರಲ್ಲಿ ಎಷ್ಟು ಯೂನಿಟ್ ಬರೆದಿದ್ದಾರೆ ಅನ್ನುವುದಕ್ಕೂ ಒಂದು ಜಾಗ ಇರಲಿ. ಏನೂ ಬರೆದಿಲ್ಲ ಅಂದರೆ ಅಲ್ಲಿ ಸೊನ್ನೆ ಅಂತಲೇ ಅಚ್ಚು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ